ಹಳೇ ಟ್ಯಾಂಕಿನ ನೀರು ಪೂರ್ತಿ ಚೆಲ್ಲದೆ ಮೀನು ಉಳಿಸಿಕೊಂಡೆ

"ಟ್ಯಾಂಕ್ ಖಾಲಿ ಮಾಡಿ, ಕಲ್ಲುಪ್ಪು ಹಾಕಿ ಉಜ್ಜಿ, ಹೊಸ ನೀರು ತುಂಬಿಸಿ." ಶಿವಮೊಗ್ಗದಲ್ಲಿ ನಾನು ವಿಚಾರಿಸಿದ ಅಂಗಡಿಯವರೆಲ್ಲ ಹೇಳಿದ್ದು ಇದನ್ನೇ. ನಾನು ಹಾಗೆ ಮಾಡಲಿಲ್ಲ. ಭಾವನ ಮನೆಯ ಮೂರಡಿ ಟ್ಯಾಂಕಿನಲ್ಲಿ ಉಳಿದಿದ್ದ ಎರಡು ಏಂಜೆಲ್, ಐದಾರು ವಿಡೋ ಟೆಟ್ರಾ, ಗೇಣುದ್ದದ ಸಕ್ಕರ್ ಎಲ್ಲವೂ ಇವತ್ತಿಗೂ ಚೆನ್ನಾಗಿವೆ.

ಆ ಟ್ಯಾಂಕಿನ ನೀರನ್ನು ವರ್ಷಗಟ್ಟಲೆ ಯಾರೂ ಬದಲಿಸಿರಲಿಲ್ಲ. ಆರಿದಷ್ಟನ್ನು ಮೇಲಿಂದ ಸುರಿಯುತ್ತಿದ್ದರು, ಅಷ್ಟೇ. ಹಿಂದೆ ಅದೇ ಮನೆಯಲ್ಲಿದ್ದ ಸಣ್ಣ ಟ್ಯಾಂಕನ್ನು ಅಂಗಡಿಯವರೊಬ್ಬರು ಬಂದು ಪಳಪಳ ಅನ್ನುವ ಹಾಗೆ ತೊಳೆದುಕೊಟ್ಟಿದ್ದರು. ಎರಡು ಮೂರು ದಿನದಲ್ಲಿ ಗೋಲ್ಡ್‌ಫಿಶ್ ಎಲ್ಲ ಸತ್ತವು. ದುಡ್ಡೂ ಹೋಯಿತು, ಮೀನೂ ಹೋದವು.

ಈ ಸಲ ಮೊದಲು ಟೆಸ್ಟ್ ಕಿಟ್ ಹಿಡಿದೆ. ಪಿಎಚ್ (ನೀರಿನ ಹುಳಿಯ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ) 5.5ರ ಆಸುಪಾಸು, ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಕಡು ಹಸಿರು, ಅಂದರೆ ತೀರಾ ಹೆಚ್ಚು. ಅಷ್ಟು ಹುಳಿ ನೀರಿನಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ಆಗಿಯೇ ಇರುತ್ತದೆ, ಮೀನಿಗೆ ಅಷ್ಟು ತೊಂದರೆ ಕೊಡುವುದಿಲ್ಲ. ನಲ್ಲಿ ನೀರಿನ ಪಿಎಚ್ 7 ದಾಟಿತ್ತು. ಅದನ್ನು ಅರ್ಧ ಟ್ಯಾಂಕ್ ಸುರಿದಿದ್ದರೆ ಅಮೋನಿಯಂನ ಒಂದು ಪಾಲು ತಿರುಗಿ ಅಮೋನಿಯಾ ಆಗಿ ವಿಷವಾಗುತ್ತಿತ್ತು.

ಹಾಗಾಗಿ ನೂರಿಪ್ಪತ್ತು ಲೀಟರಿನಲ್ಲಿ ದಿನಕ್ಕೆ ಹತ್ತು ಲೀಟರ್ ಮಾತ್ರ ತೆಗೆದೆ. ಹೊಸ ನೀರಿಗೆ ಆಂಟಿ ಕ್ಲೋರಿನ್ ಹಾಕಿ, ಸಲೈನ್ ಪೈಪಿನಲ್ಲಿ ಹನಿಹನಿಯಾಗಿ ಬಿಟ್ಟೆ. ಮೊದಲ ವಾರ ಜಲ್ಲಿ, ಫಿಲ್ಟರ್ ಎರಡನ್ನೂ ಮುಟ್ಟಲಿಲ್ಲ. ತಿಂಡಿಯನ್ನು ದಿನ ಬಿಟ್ಟು ದಿನ ಒಂದು ಚಿಟಿಕೆಗೆ ಇಳಿಸಿದೆ. "ಹಸಿದು ಸಾಯ್ತಾವೆ ಕಣೋ" ಅಂತ ಅಕ್ಕ ಬೈದಳು. ಸಾಯಲಿಲ್ಲ.

ಪಿಎಚ್ ಒಮ್ಮೆ ಮೇಲೇರಿತು, ಮತ್ತೆ ಜಾರಿತು. ನನ್ನ ಪ್ರಕಾರ ಮಲೆನಾಡಿನವರು ಗಮನ ಕೊಡಬೇಕಾದದ್ದು ಇಲ್ಲೇ. ನಮ್ಮ ತುಂಗೆಯ ನೀರು ಮೆದು. ನನ್ನ ಕಿಟ್‌ನಲ್ಲಿ ಕೆಎಚ್ (ಹುಳಿಯನ್ನು ತಡೆಯುವ ಕಾರ್ಬೊನೇಟ್ ನೀರಿನಲ್ಲಿ ಎಷ್ಟಿದೆ ಅನ್ನುವ ಅಳತೆ) 2 ದಾಟಲೇ ಇಲ್ಲ. ಹುಳಿಯನ್ನು ತಡೆಯುವಂಥದ್ದು ನೀರಿನಲ್ಲಿ ಇಲ್ಲದಿದ್ದರೆ ಎಷ್ಟು ಬದಲಿಸಿದರೂ ಅದೇ ಕಥೆ. ಬಕೆಟ್ಟಿನಲ್ಲಿ ಅಡುಗೆ ಸೋಡಾ ಹಾಕಿ ನೋಡಿದೆ. ಪಿಎಚ್ ಒಮ್ಮೆಲೇ ಜಿಗಿಯಿತು, ಬೇಡ ಅನ್ನಿಸಿತು. ಕೊನೆಗೆ, ಸುಣ್ಣದಂಶ ಮೆಲ್ಲಗೆ ಕರಗಲಿ ಅಂತ, ಹೊನ್ನಾವರದ ಕಡೆಯಿಂದ ತಂದ ಕಪ್ಪೆಚಿಪ್ಪನ್ನು ಕುದಿಸಿ, ಒಡೆದು, ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರಿನ ಬಾಯಿಗಿಟ್ಟೆ. ಮೂರ್ನಾಲ್ಕು ವಾರದಲ್ಲಿ ಕೆಎಚ್ 4ಕ್ಕೆ ಬಂದು ನಿಂತಿತು. ಚಿಪ್ಪು ಎಷ್ಟು ಹಾಕಿದೆ, ಯಾವ ಗಾತ್ರಕ್ಕೆ ಒಡೆದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಜಲ್ಲಿಯನ್ನು ವಾರಕ್ಕೆ ಕಾಲು ಭಾಗದಂತೆ ಸೈಫನ್ ಮಾಡಿದೆ, ಅಂದರೆ ಪೈಪಿನಲ್ಲಿ ಕೆಸರು ಎಳೆದು ತೆಗೆದೆ. ತಳದ ಕಪ್ಪು ಕೆಸರು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಆ ಗಾಳಿ ಮೀನಿಗೆ ವಿಷ, ಅದಕ್ಕೇ ಏರ್ ಪಂಪ್ ಜೋರಾಗಿ ಬಿಟ್ಟುಕೊಂಡೇ ಕೆಲಸ. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿದೆ, ನಲ್ಲಿ ನೀರು ಸೋಕಿಸಲಿಲ್ಲ.

ನಡುವೆ ನೈಟ್ರೇಟ್ (ಅಮೋನಿಯಾ ಕೊನೆಗೆ ಮಾರ್ಪಟ್ಟು ನೀರಿನಲ್ಲಿ ಉಳಿಯುವಂಥದ್ದು, ಗಿಡಗಳಿಗೆ ಗೊಬ್ಬರ) ಇಳಿಸಲು ಹಿತ್ತಲಿನ ಕೆಸುವಿನ ಬೇರು ಇಳಿಬಿಟ್ಟು ನೋಡಿದೆ. ಎಲೆ ಹಳದಿಯಾಗಿ ಕೊಳೆಯಿತು, ಕಿತ್ತು ಬಿಸಾಡಿದೆ. ಮನಿ ಪ್ಲಾಂಟ್ ಮಾತ್ರ ಸೊಗಸಾಗಿ ಹಿಡಿಯಿತು. ಕಿಟ್‌ನ ಕಡುಗೆಂಪಿನಲ್ಲಿದ್ದ, ಅಂದರೆ ತೀರಾ ಹೆಚ್ಚಿದ್ದ ನೈಟ್ರೇಟ್ 40 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಹತ್ತಿರ ಬಂತು. ಒಂದೆಲಗವನ್ನೂ ಹಾಕಿದ್ದೇನೆ, ನೋಡಬೇಕು.

ಮಳೆ ಹಿಡಿದ ಮೇಲೆ ಕರೆಂಟಿನ ಗೋಳು ಗೊತ್ತಲ್ವಾ? ಪವರ್ ಫಿಲ್ಟರ್ ನಂಬಿ ಕೂರಬೇಡಿ. ಸ್ಪಂಜ್ ಫಿಲ್ಟರಿಗೆ ಬ್ಯಾಟರಿ ಏರ್ ಪಂಪ್ ಜೋಡಿಸಿದೆ. ನೀರು 21 ಡಿಗ್ರಿಗೆ ಇಳಿದಾಗ ಏಂಜೆಲ್ ಮೂಲೆ ಹಿಡಿದವು, ಹೀಟರ್ ಹಾಕಿ 26ಕ್ಕೆ ತಂದೆ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಕಿಟ್ ಒಂಬೈನೂರು, ಹೀಟರ್ ನಾನೂರೈವತ್ತು, ಸ್ಪಂಜ್ ಮತ್ತು ಪಂಪ್ ಸೇರಿ ಏಳ್ನೂರರ ಮೇಲೆ. ಹೊಸ ಸೆಟ್ಟಿಗೆ ಅಂಗಡಿಯವರು ಕೇಳಿದ್ದು ಆರು ಸಾವಿರಕ್ಕಿಂತ ಜಾಸ್ತಿ, ಮೀನು ಬೇರೆ. ನನಗೆ ಹಿಡಿದದ್ದು ಹೆಚ್ಚುಕಡಿಮೆ ಎರಡು ತಿಂಗಳು. "ಆಗಲ್ಲ ಬಿಡಿ" ಅಂದಿದ್ದ ಅಂಗಡಿಯವರೇ ಮೊನ್ನೆ ಬಂದು ನೋಡಿ ಚಿಪ್ಪಿನ ಲೆಕ್ಕ ಕೇಳಿದರು.

ಈಗ ಭಾವನೇ ವಾರಕ್ಕೊಮ್ಮೆ ಇಪ್ಪತ್ತೈದು ಲೀಟರ್ ಬದಲಿಸುತ್ತಾರೆ. ಮಳೆಗಾಲದಲ್ಲಿ ಕೆಎಚ್ ಅನ್ನು ತಿಂಗಳಿಗೆ ಎರಡು ಸಲವಾದರೂ ನೋಡಿ ಅಂತ ಅವರಿಗೂ ಹೇಳಿದ್ದೇನೆ.