ಮನೆಯೊಳಗೆ ನಮ್ಮ ನಾಯಿಗಳ ಕೊರಳು ಖಾಲಿ

ನಮ್ಮ ಬಾಗಿಲ ಪಕ್ಕ ಎರಡು ಮೊಳೆ ಹೊಡೆದಿದ್ದೇನೆ. ಒಂದು ಕರಿಯನ ಕಾಲರಿಗೆ, ಇನ್ನೊಂದು ಚುಕ್ಕಿಯದಕ್ಕೆ. ವಾಕಿಂಗ್ ಮುಗಿಸಿ ಒಳಗೆ ಬಂದ ತಕ್ಷಣ ಬಿಚ್ಚಿ ನೇತುಹಾಕುತ್ತೇನೆ. ಮೊದಲು ಹೀಗಿರಲಿಲ್ಲ. ಸ್ನಾನದ ದಿನ ಬಿಟ್ಟರೆ ಕಾಲರ್ ಕೊರಳಲ್ಲೇ ಇರುತ್ತಿತ್ತು.

ಒಂದು ಸಂಜೆ ಎರಡೂ ಆಟಕ್ಕೆ ಬಿದ್ದಿದ್ದವು. ಕೊರಳು ಕಚ್ಚಿ ಎಳೆದಾಡುವುದು ಅವುಗಳ ದಿನದ ಆಟ. ಚುಕ್ಕಿಯ ಕೆಳದವಡೆ ಕರಿಯನ ಕಾಲರ್ ಅಡಿಗೆ ತೂರಿಕೊಂಡಿತು. ಗಾಬರಿಗೆ ಅವಳು ಉರುಳಿದಳು, ಕಾಲರ್ ಒಂದು ಸುತ್ತು ತಿರುಚಿಕೊಂಡಿತು. ಚುಕ್ಕಿಯದು ಒಂದೇ ಕಿರುಚಾಟ. ಕರಿಯನದು ಸದ್ದೇ ಇಲ್ಲ. ನನಗೆ ಜಾಸ್ತಿ ಹೆದರಿಕೆಯಾಗಿದ್ದು ಅದಕ್ಕೇ. ಎರಡನ್ನೂ ದೂರ ಎಳೆದೆ, ಎಳೆದಷ್ಟೂ ಬಿಗಿಯಿತು. ಪ್ಲಾಸ್ಟಿಕ್ ಕ್ಲಿಪ್ ಒತ್ತಿದರೆ ಜಪ್ಪಯ್ಯ ಅಂದರೂ ಬಿಡಲಿಲ್ಲ. "ಎಳೀಬೇಡ ಅಕ್ಕಾ, ಚುಕ್ಕೀನ ಎತ್ತಿ ವಾಪಸ್ ತಿರುಗಿಸು!" ಎಂದು ತಂಗಿ ಕೂಗಿದಳು. ಉರುಳಿದ ದಿಕ್ಕಿಗೆ ಉಲ್ಟಾ ತಿರುಗಿಸಿದಾಗ ಪಟ್ಟಿ ಕೊಂಚ ಸಡಿಲವಾಯಿತು. ಅಷ್ಟರಲ್ಲಿ ತಂಗಿ ಕತ್ತರಿ ತೂರಿಸಿ ಕತ್ತರಿಸಿದಳು. ಕರಿಯನ ನಾಲಿಗೆ ನೀಲಿಯಾಗಿತ್ತು. ಉಸಿರು ಬಂದ ಮೇಲೂ ಕಾಯದೆ ಡಾಕ್ಟರ ಹತ್ತಿರ ಓಡಿದೆವು.

ಬೋನಿನಲ್ಲಿ ಬಿಟ್ಟುಹೋಗುವಾಗಲೂ ಕಾಲರ್ ಬೇಡ, ನೇತಾಡುವ ಬಿಲ್ಲೆ ಕಂಬಿಗೆ ಸಿಕ್ಕಿಕೊಳ್ಳುತ್ತದೆ ಎಂದರು ಡಾಕ್ಟರು. ಸರಿ, ಆದರೆ ಬರಿಗೊರಳಲ್ಲಿ ಓಡಿಹೋದರೆ? ಅದಕ್ಕೆ ಎರಡಕ್ಕೂ ಮೈಕ್ರೋಚಿಪ್ ಹಾಕಿಸಿದೆ. ಅಕ್ಕಿಕಾಳಿನಷ್ಟು ಗಾತ್ರ. ಲಸಿಕೆಯ ಸೂಜಿಗಿಂತ ದಪ್ಪದ ಸೂಜಿಯಲ್ಲಿ ಹೆಗಲುಗಳ ನಡುವೆ ಚರ್ಮದ ಕೆಳಗೆ ಇಡುತ್ತಾರೆ. ಚುಕ್ಕಿ ಒಂದು ಸಲ ಕುಂಯ್ ಅಂದಳು, ಅಷ್ಟೇ. ಅದರಲ್ಲಿ ಬ್ಯಾಟರಿ ಇಲ್ಲ, ಜಿಪಿಎಸ್ ಕೂಡ ಅಲ್ಲ. ನಾಯಿ ಎಲ್ಲಿದೆ ಅಂತ ಅದು ಹೇಳುವುದಿಲ್ಲ. ಸ್ಕ್ಯಾನರ್ ಹಿಡಿದಾಗ 15 ಅಂಕಿಯ ಒಂದು ನಂಬರ್ ಕೊಡುತ್ತದೆ. ಆ ನಂಬರಿನ ಎದುರು ನಮ್ಮ ಫೋನ್ ನಂಬರ್ ನೋಂದಣಿಯಾಗಿರಬೇಕು. ನಾನು ಸಿಮ್ ಬದಲಿಸಿದಾಗ ಅಲ್ಲಿ ಹೊಸ ನಂಬರ್ ಕೊಡುವುದನ್ನು ಮರೆತೇಬಿಟ್ಟಿದ್ದೆ. ಮುಂದಿನ ಲಸಿಕೆಯ ದಿನ ಸ್ಕ್ಯಾನ್ ಮಾಡಿದಾಗ ಗೊತ್ತಾಯಿತು. ಈಗ ಪ್ರತಿ ವರ್ಷ ನಾನೇ ಕೇಳಿ ಸ್ಕ್ಯಾನ್ ಮಾಡಿಸುತ್ತೇನೆ, ಕೆಲವೊಮ್ಮೆ ಚಿಪ್ ಜಾಗ ಬಿಟ್ಟು ಸರಿದಿರುತ್ತದೆ.

ಆದರೆ ಬೀದಿಯಲ್ಲಿ ನಾಯಿ ಸಿಕ್ಕವರ ಕೈಯಲ್ಲಿ ಸ್ಕ್ಯಾನರ್ ಎಲ್ಲಿರುತ್ತದೆ, ಅಲ್ವಾ? ಹಾಗಾಗಿ ನೆಂಟರು ಬಂದು ಪದೇ ಪದೇ ಬಾಗಿಲು ತೆರೆಯುವ ದಿನಗಳಲ್ಲಿ ಜಗ್ಗಿದರೆ ತಾನೇ ಬಿಚ್ಚಿಕೊಳ್ಳುವ ಕಾಲರ್ ಹಾಕುತ್ತೇನೆ. ಅದಕ್ಕೆ ಎರಡು ರಿಂಗ್ ಇವೆ. ಹಗ್ಗ ಹಾಕುವುದಾದರೆ ಎರಡಕ್ಕೂ ಸೇರಿಸಿಯೇ ಹಾಕಬೇಕು, ಒಂದಕ್ಕೇ ಹಾಕಿದರೆ ರಸ್ತೆಯಲ್ಲೇ ಬಿಚ್ಚಿಕೊಳ್ಳುತ್ತದೆ. ನಾನಂತೂ ವಾಕಿಂಗಿಗೆ ಅದನ್ನು ಬಳಸುವುದೇ ಇಲ್ಲ.

ನೇತಾಡುವ ಬಿಲ್ಲೆಯನ್ನೂ ತೆಗೆದೆ. ಫೋನ್ ನಂಬರ್ ಕೆತ್ತಿದ ಚಪ್ಪಟೆ ತಗಡನ್ನು ಪಟ್ಟಿಗೇ ಕೂರಿಸಿದೆ. ಮೊದಲೆಲ್ಲ ಕಿಣಿಕಿಣಿ ಸದ್ದಿಗೇ ಕರಿಯ ಅಡುಗೆಮನೆಗೆ ಬಂದದ್ದು ತಿಳಿಯುತ್ತಿತ್ತು. ಈಗ ತಟ್ಟೆ ಖಾಲಿಯಾದ ಮೇಲೇ ತಿಳಿಯುವುದು.