ಉಸಿರೆಳೆದರೆ ಎದೆಯಲ್ಲಿ ಚಳುಕು: ಯಾವುದು ನಿರಪಾಯ, ಯಾವುದು ಅಲ್ಲ?

ಬಾಗಿ ಕುಳಿತು ಮೊಬೈಲ್ ನೋಡುತ್ತಿರುವ ಹದಿನಾರರ ಹುಡುಗನಿಗೆ ಇದ್ದಕ್ಕಿದ್ದಂತೆ ಎಡ ಎದೆಯಲ್ಲಿ ಸೂಜಿ ಚುಚ್ಚಿದಂತಾಗುತ್ತದೆ. ಉಸಿರೆಳೆಯಲು ಹೋದರೆ ನೋವು ಅರ್ಧಕ್ಕೇ ತಡೆಯುತ್ತದೆ. ಎರಡು ನಿಮಿಷದಲ್ಲಿ ಎಲ್ಲವೂ ಮಾಯ. ಅಷ್ಟರಲ್ಲಿ ಮನೆಯವರ ಜೀವ ಬಾಯಿಗೆ ಬಂದಿರುತ್ತದೆ. 2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳ ಬೆನ್ನಿಗೇ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದ್ದನ್ನು ನೆನೆದರೆ ಆ ಭಯ ಎಷ್ಟು ಆಳದ್ದೆಂದು ತಿಳಿಯುತ್ತದೆ. ಆದರೆ ಉಸಿರಿನ ಜೊತೆ ಏರಿಳಿಯುವ ಚುಚ್ಚುನೋವು ಎಷ್ಟೋ ಸಲ ಹೃದಯದ್ದಲ್ಲ, ಎದೆಗೂಡಿನದು.

ಮೊದಲು ಅಪಾಯದ ಗುರುತುಗಳನ್ನು ನೋಡಿ. ಎದೆಯ ಮೇಲೆ ಭಾರ ಹೇರಿದಂಥ ನೋವು, ತಣ್ಣನೆಯ ಬೆವರು, ತೋಳಿಗೋ ದವಡೆಗೋ ಹರಡುವ ಸೆಳೆತ, ತಲೆಸುತ್ತು, ಹೆಚ್ಚುತ್ತಲೇ ಹೋಗುವ ಏದುಸಿರು, ಕಫದಲ್ಲಿ ರಕ್ತ: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಶಸ್ತ್ರಚಿಕಿತ್ಸೆ, ಹೆರಿಗೆ ಅಥವಾ ದೂರದ ಪ್ರಯಾಣದ ನಂತರ ಒಂದು ಕಾಲು ಊದಿಕೊಂಡು ಎದೆಯೂ ಚುಚ್ಚಿದರೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಎತ್ತರದ, ತೆಳ್ಳನೆಯ ಯುವಕನಿಗೆ ಒಮ್ಮೆಲೇ ಒಂದು ಪಕ್ಕೆ ನೋವಾಗಿ ಉಸಿರು ಕಟ್ಟಿದರೆ ಶ್ವಾಸಕೋಶ ಕುಸಿದಿರುವ ಸಾಧ್ಯತೆ ಇದೆ. ನಮ್ಮಲ್ಲಿ ಎದೆನೋವೆಂದರೆ ‘ಗ್ಯಾಸ್’ ಎಂದು ಜೀರಿಗೆ ಕಷಾಯ ಕುಡಿಸಿ ಕಾಯುವ ರೂಢಿಯಿದೆ. ದಯವಿಟ್ಟು ಹಾಗೆ ಕಾಯಬೇಡಿ, ಆ ಹೊತ್ತಿಗೆ ಬೆಲೆ ಕಟ್ಟಲಾಗದು.

ಇವು ಯಾವುವೂ ಇಲ್ಲದಿದ್ದರೆ, ನೋವು ಎಲ್ಲಿದೆ ಎಂದು ಒಂದೇ ಬೆರಳಿನಲ್ಲಿ ತೋರಿಸಲು ಹೇಳಿ. ಬೆರಳ ತುದಿಯಷ್ಟೇ ಜಾಗ, ಎಡ ಮೊಲೆತೊಟ್ಟಿನ ಆಸುಪಾಸು, ವಿಶ್ರಾಂತಿಯಲ್ಲಿದ್ದಾಗ ಬಂದು ಅರ್ಧ ನಿಮಿಷದಿಂದ ಮೂರು ನಿಮಿಷದೊಳಗೆ ಹೋಗುವ ನೋವು, ಬೇರೆಲ್ಲಿಗೂ ಹರಡದಿರುವುದು: ಇಷ್ಟೂ ಸೇರಿದರೆ ಅದು ಬಹುತೇಕ ವೈದ್ಯರು ‘ಪ್ರಿಕಾರ್ಡಿಯಲ್ ಕ್ಯಾಚ್’ ಎನ್ನುವ ನಿರಪಾಯ ಚಳುಕು. 1955ರಲ್ಲಿ ಇದನ್ನು ವಿವರಿಸಿದ ಮಿಲ್ಲರ್ ಮತ್ತು ಟೆಕ್ಸಿಡೋರ್ ಎಂಬ ವೈದ್ಯರಲ್ಲಿ ಎರಡನೆಯವರ ಹೆಸರಿನಿಂದಲೂ ಇದನ್ನು ಕರೆಯುವುದುಂಟು. ಮಕ್ಕಳು, ಹದಿಹರೆಯದವರು, ಎಳೆಯ ವಯಸ್ಕರಲ್ಲಿ ಇದು ಹೆಚ್ಚು. ಎದೆಗೋಡೆಯ ನರವೊಂದು ಕೆರಳುವುದರಿಂದ ಬರುತ್ತದೆಂದು ಊಹೆ, ಖಚಿತ ಕಾರಣ ಇನ್ನೂ ಸಿಕ್ಕಿಲ್ಲ. ಬೆನ್ನು ನೆಟ್ಟಗೆ ಮಾಡಿ ಕುಳಿತು, ನೋವು ಸಡಿಲವಾಗುವವರೆಗೆ ಸಣ್ಣ ಸಣ್ಣ ಉಸಿರು ತೆಗೆದುಕೊಂಡರೆ ಸಾಕು. ಧೈರ್ಯ ಮಾಡಿ ಒಮ್ಮೆ ಪೂರ್ತಿ ಉಸಿರೆಳೆದರೆ ಏನೋ ಬಿಟ್ಟುಕೊಂಡಂತಾಗಿ ನೋವು ಹೋಯಿತು ಎನ್ನುವವರೂ ಇದ್ದಾರೆ. ಮಾತ್ರೆ ಬೇಡ, ಅದು ಕರಗುವ ಮುನ್ನವೇ ನೋವು ಹೋಗಿರುತ್ತದೆ.

ನೋವು ದಿನಗಟ್ಟಲೆ ಇದ್ದರೆ, ಎದೆಯ ನಡುಮೂಳೆಯ ಅಂಚಿಗೆ ಪಕ್ಕೆಲುಬುಗಳು ಸೇರುವ ಜಾಗವನ್ನು ಮೆಲ್ಲಗೆ ಒತ್ತಿ ನೋಡಿ. ‘ಇದೇ, ಇದೇ ನೋವು’ ಎನ್ನುವಂತಾದರೆ ಅಲ್ಲಿನ ಮೃದ್ವಸ್ಥಿಯ ಉರಿಯೂತವಿರಬಹುದು. ಕೆಮ್ಮಿ ಕೆಮ್ಮಿ ಅಥವಾ ಭಾರದ ಮೂಟೆ ಎತ್ತಿ ಪಕ್ಕೆಯ ಸ್ನಾಯು ಉಳುಕಿದರೂ ಹೀಗೆಯೇ ಆಗುತ್ತದೆ. ಬಿಸಿನೀರಿನ ಶಾಖ, ಭಾರ ಎತ್ತದೆ ವಿಶ್ರಾಂತಿ, ಅಗತ್ಯವಿದ್ದರೆ ಪ್ಯಾರಸಿಟಮಾಲ್ ಇದಕ್ಕೆ ಸಾಮಾನ್ಯ ಪರಿಹಾರ. ಪೂರ್ತಿ ಇಳಿಯಲು ವಾರಗಳೇ ಹಿಡಿಯಬಹುದು. ಆದರೆ ಒತ್ತಿದರೆ ನೋಯುತ್ತದೆ ಎಂಬ ಒಂದೇ ಕಾರಣಕ್ಕೆ ಹೃದಯ ಚೆನ್ನಾಗಿದೆ ಎಂದು ನಿರ್ಧರಿಸಬೇಡಿ. ನಲವತ್ತು ದಾಟಿದವರು, ಮಧುಮೇಹ, ರಕ್ತದೊತ್ತಡ ಇರುವವರು, ಬೀಡಿ ಸಿಗರೇಟು ಸೇದುವವರು ಹೊಸ ಎದೆನೋವಿಗೆ ಇಸಿಜಿ ಮಾಡಿಸಿಕೊಳ್ಳಲೇಬೇಕು.

ಜ್ವರ, ಕೆಮ್ಮಿನ ಜೊತೆಗೆ ಪಕ್ಕೆ ಚುಚ್ಚಿದರೆ ಶ್ವಾಸಕೋಶದ ಪೊರೆ ಊದಿರಬಹುದು. ನಮ್ಮ ದೇಶದಲ್ಲಿ ಇದಕ್ಕೆ ಕ್ಷಯವೂ ಒಂದು ಮುಖ್ಯ ಕಾರಣ, ಎಕ್ಸ್‌ರೇ ಬೇಕಾಗುತ್ತದೆ. ಮಲಗಿದರೆ ಹೆಚ್ಚಾಗಿ, ಮುಂದಕ್ಕೆ ಬಾಗಿ ಕುಳಿತರೆ ತಗ್ಗುವ ನೋವು ಹೃದಯದ ಹೊರಪೊರೆಯದಾಗಿರಬಹುದು. ಅದನ್ನೂ ಅಂದೇ ತೋರಿಸಿ.

ಪದೇ ಪದೇ ಚಳುಕು ಬರುವ ಮಕ್ಕಳಿಗೆ ಒಂದು ಚೀಟಿ ಇಡಿ: ಎಷ್ಟು ಹೊತ್ತಿತ್ತು, ಏನು ಮಾಡುತ್ತಿದ್ದಾಗ ಬಂತು, ಬೆರಳು ಎಲ್ಲಿಟ್ಟರು. ಆಟವಾಡುವಾಗ, ಓಡುವಾಗ ಬಂದದ್ದಾದರೆ ಅಥವಾ ಮಗು ಎಚ್ಚರ ತಪ್ಪಿದ್ದರೆ ಅದನ್ನು ಚೀಟಿಯ ಮೊದಲ ಸಾಲಿನಲ್ಲೇ ಬರೆದು, ಅಂದೇ ವೈದ್ಯರ ಕೈಗೆ ಕೊಡಿ.