ಹಂಚಿನ ಅಡಿಯಲ್ಲಿ ಸಿಕ್ಕಿದ ಮಂಗಳೂರು

ಬ್ರಿಟಿಷರ ಕಾಲದ ಮಂಗಳೂರು ನೋಡಬೇಕು ಅಂದರೆ ಜನ ಬಾವುಟಗುಡ್ಡೆಗೆ ಹೋಗುತ್ತಾರೆ, ಅಲೋಶಿಯಸ್ ಚಾಪೆಲ್‌ಗೆ ಹೋಗುತ್ತಾರೆ. ನಾನು ಹಳೆ ಮನೆಗಳ ಅಟ್ಟ ಹತ್ತಲು ಶುರು ಮಾಡಿದೆ. ಈ ಊರಿನ ಆ ಕಾಲದ ದಾಖಲೆ ಅತಿ ಹೆಚ್ಚು ಉಳಿದಿರುವುದು ಮಾಡಿನ ಮೇಲೆ, ಅಂದರೆ ಛಾವಣಿಯಲ್ಲಿ, ಹಂಚಿನ ಅಡಿಭಾಗದಲ್ಲಿ. ಅಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ.

ಕೆಲಸ ಕಷ್ಟದ್ದಲ್ಲ. ಸೀಲಿಂಗ್ ಹೊಡೆಸದ ಮನೆಯಾದರೆ ಒಳಗಿನಿಂದಲೇ ಹಂಚಿನ ಅಡಿ ಕಾಣುತ್ತದೆ. ಟಾರ್ಚನ್ನು ನೇರ ಬಿಟ್ಟರೆ ಏನೂ ಓದಲಿಕ್ಕಾಗುವುದಿಲ್ಲ, ಪಕ್ಕಾಸಿನ (ಹಂಚು ಹೊರುವ ಮರದ ಪಟ್ಟಿ) ಹತ್ತಿರ ಹಿಡಿದು ಅಡ್ಡಕ್ಕೆ ಬಿಡಬೇಕು, ಆಗ ಅಕ್ಷರಗಳ ನೆರಳು ಎದ್ದು ಬರುತ್ತದೆ. ಅಡುಗೆಮನೆ ಮೇಲಿನ ಹಂಚು ಹೊಗೆ ಹಿಡಿದು ಕಪ್ಪಾಗಿರುತ್ತದೆ, ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕು. ಕೆಳಗೆ ಇಳಿಸಿದ ಹಂಚು ಸಿಕ್ಕಿದರೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತೇನೆ. ಫೋಟೋಗಿಂತ ಅದೇ ಚೆಂದ ಬರುತ್ತದೆ. ಬೋಳಾರದ ಒಂದು ಮನೆಯಲ್ಲಿ ಹಿರಿಯ ಅಮ್ಮ ಒಬ್ಬರು, "ಎಂತ ಮಾರಾಯ, ಹಂಚು ನೋಡ್ಲಿಕ್ಕೆ ಬಂದದ್ದಾ ನೀನು?" ಅಂತ ಕೇಳಿ, ಆಮೇಲೆ ತಾವೇ ಏಣಿ ಹಿಡಿದು ನಿಂತರು.

ಜಾಸ್ತಿ ಸಿಗುವ ಹೆಸರುಗಳಲ್ಲಿ ಒಂದು ಬಾಸೆಲ್ ಮಿಶನ್ ಟೈಲ್ ವರ್ಕ್ಸ್. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ, ಅಂದರೆ ಈ ಕರಾವಳಿ ಸೀಮೆ, ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. 1834ರಲ್ಲಿ ಹೆಬಿಕ್ ಮತ್ತು ಇನ್ನಿಬ್ಬರು ಪಾದ್ರಿಗಳು ಸ್ವಿಜರ್ಲೆಂಡಿನ ಬಾಸೆಲ್ ಮಿಶನ್ ಕಡೆಯಿಂದ ಇಲ್ಲಿಗೆ ಬಂದರು. ಮತ ಬದಲಿಸಿದವರಿಗೆ ಜಾತಿ ಕಸುಬೂ ಹೋಗುತ್ತಿತ್ತು, ಗೇಣಿ ಭೂಮಿಯೂ ಹೋಗುತ್ತಿತ್ತು. ಅವರಿಗೆ ಹೊಟ್ಟೆಪಾಡು ಬೇಕಲ್ವಾ? ಅದಕ್ಕೇ ಮಿಶನ್ ಮೊದಲು ನೇಯ್ಗೆ, ಅಚ್ಚುಕೂಟ ಅಂತ ಶುರು ಮಾಡಿತು. 1843ರಲ್ಲಿ ಪಾದ್ರಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ್ದೂ ಇದೇ ಮಿಶನ್‌ನಿಂದ. ಹಂಚಿನ ಕಾರ್ಖಾನೆ ಬಂದದ್ದು 1865ರಲ್ಲಿ, ಜೆಪ್ಪುವಿನಲ್ಲಿ. ಮಾಡಿಸಿದವರು ಮಿಶನ್‌ನವರೇ ಆದ ಜಾರ್ಜ್ ಪ್ಲೆಬ್ಸ್ಟ್.

ಜೆಪ್ಪುವೇ ಯಾಕೆ ಅಂತ ತಿಳಿಯಬೇಕಾದರೆ ನೇತ್ರಾವತಿಯ ದಂಡೆಗೆ ಹೋಗಿ ನಿಲ್ಲಬೇಕು. ಹೊಳೆ ಬದಿಯ ಗದ್ದೆಗಳಲ್ಲಿ ಹಂಚಿಗೆ ಬೇಕಾದ ಜೇಡಿಮಣ್ಣು. ಮಣ್ಣೂ ಸೌದೆಯೂ ದೋಣಿಯಲ್ಲಿ ಕಾರ್ಖಾನೆಯ ಬುಡಕ್ಕೇ ಬರುತ್ತಿದ್ದವು. ಸುಟ್ಟ ಹಂಚು ಅದೇ ನೀರಿನಲ್ಲಿ ಬಂದರಿಗೆ, ಅಲ್ಲಿಂದ ಮಂಜಿ ಅನ್ನುವ ಹಾಯಿ ಹಡಗುಗಳಲ್ಲಿ ಕಡಲಿಗೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅಂದರೆ ಅದಕ್ಕೆ ಮೊದಲಿನ ನಾಲ್ಕು ದಶಕ ಈ ಉದ್ಯಮವನ್ನು ಹೊತ್ತದ್ದು ಹೊಳೆ ಮತ್ತು ಎತ್ತಿನ ಗಾಡಿ. ನಾನು ಓದಿದ ಹೆಸರುಗಳನ್ನೆಲ್ಲ ನಕ್ಷೆಯಲ್ಲಿ ಗುರುತು ಹಾಕುತ್ತಾ ಹೋದಾಗ ಜೆಪ್ಪು, ಬೋಳಾರ, ಹೊಯಿಗೆಬಜಾರ್ ಎಲ್ಲ ನೇತ್ರಾವತಿಗೆ ಅಂಟಿಕೊಂಡು ಸಾಲಾಗಿ ಬಂದವು, ಕುದ್ರೋಳಿ ಗುರುಪುರ ಹೊಳೆಯ ಕಡೆಗೆ. ಪುಸ್ತಕದಲ್ಲಿ ಓದಿದ್ದಕ್ಕಿಂತ ಆ ಸಾಲು ನನಗೆ ಜಾಸ್ತಿ ಹೇಳಿತು.

ಹೊಸದಾಗಿ ಇದಕ್ಕೆ ಇಳಿಯುವವರಿಗೆ ಒಂದು ಮಾತು. ಹಂಚಿನ ಮೇಲೆ 1865 ಅಂತ ಇದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷ, ಆ ಹಂಚು ಸುಟ್ಟ ವರ್ಷ ಅಲ್ಲ. ಮನೆಯ ಕಾಲ ತಿಳಿಯಲು ಅದಕ್ಕಿಂತ ಒಳ್ಳೆ ಗುರುತು ಕಾಮನ್‌ವೆಲ್ತ್ ಅನ್ನುವ ಹೆಸರು. ಮೊದಲ ಮಹಾಯುದ್ಧದಲ್ಲಿ ಮಿಶನ್‌ನಲ್ಲಿದ್ದ ಜರ್ಮನ್ನರನ್ನು ಬ್ರಿಟಿಷರು ಶತ್ರುಗಳು ಅಂತ ಹಿಡಿದಿಟ್ಟರು, ಕಾರ್ಖಾನೆಗಳನ್ನು ವಶ ಮಾಡಿಕೊಂಡು ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಕೊಟ್ಟರು. ಹಾಗಾಗಿ ಆ ಹೆಸರಿದ್ದರೆ ಹಂಚು ಖಂಡಿತ ಯುದ್ಧದ ನಂತರದ್ದು. ಯುರೋಪಿನ ಜಗಳ ಜೆಪ್ಪುವಿನ ಅಚ್ಚಿನ ಮೇಲಿನ ಹೆಸರನ್ನೇ ಬದಲಿಸಿತು ಅಂತ ಮೊದಲ ಸಲ ಹೊಳೆದಾಗ ನಾನು ಏಣಿಯ ಮೇಲೆಯೇ ತುಂಬ ಹೊತ್ತು ನಿಂತುಬಿಟ್ಟೆ. ಹಾಗಂತ ಒಂದೇ ಹಂಚು ನೋಡಿ ತೀರ್ಮಾನ ಬೇಡ. ಒಡೆದದ್ದನ್ನು ತೆಗೆದು ಬೇರೆ ಹಾಕುತ್ತಲೇ ಇರುತ್ತಾರೆ. ಇಡೀ ಮಾಡಿನಲ್ಲಿ ಯಾವ ಹೆಸರು ಜಾಸ್ತಿ ಇದೆ ಅಂತ ನೋಡಬೇಕು.

ಮಣ್ಣು ತುಳಿದವರ, ಬಿಸಿ ಗೂಡಿನಿಂದ ಹಂಚು ಹೊತ್ತು ಇಳಿಸಿದ ಹೆಂಗಸರ ಹೆಸರು ಯಾವ ಹಂಚಿನ ಮೇಲೂ ಇಲ್ಲ. ಅದಕ್ಕೇ ಪ್ರತಿ ಮನೆಯಲ್ಲೂ ಒಂದು ಪ್ರಶ್ನೆ ತಪ್ಪದೆ ಕೇಳುತ್ತೇನೆ: ನಿಮ್ಮವರು ಯಾರಾದರೂ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದರಾ? ಹೌದು ಅಂದರೆ ಹಂಚು ಬಿಟ್ಟು ಅಲ್ಲೇ ಕೂರುತ್ತೇನೆ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ, ತುಳುವಾದರೆ ತುಳುವಿನಲ್ಲೇ ಬರೆದುಕೊಳ್ಳುತ್ತೇನೆ.

ಈಗ ಹಳೆ ಮನೆಗಳು ಬೇಗ ಬೇಗ ಉರುಳುತ್ತಿವೆ. ಹಂಚು ಲಾರಿ ಹತ್ತಿ ಎಲ್ಲೋ ರೆಸಾರ್ಟಿಗೆ ಹೋದರೆ ಯಾವ ಮನೆಯದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಮನೆ, ಅಜ್ಜಿಮನೆ ಇನ್ನೂ ಹಂಚಿನದ್ದಾದರೆ ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಆಚರಣೆಯ ದಿನ) ಮೊದಲು, ಮಳೆಗಾಲದ ತಯಾರಿಗೆ ಮೇಸ್ತ್ರಿ ಮಾಡು ಹತ್ತುವ ದಿನ ಅಲ್ಲಿರಿ. ಒಡೆದ ಹಂಚನ್ನು ಮೇಲಿನಿಂದ ಎಸೆಯುವ ಬದಲು ಕೈಗೆ ಕೊಡಿ ಅಂತ ಅವರಿಗೆ ಮೊದಲೇ ಹೇಳಿಡಿ.